ಪೋಲೀಸ್ ಅಧಿಕಾರಿಯೊಬ್ಬರ ದೇಶಾಭಿಮಾನ

ಹತ್ತೊಂಬತ್ತನೆಯ ಶತಮಾನದ ಇಟಲಿಯಲ್ಲಿ ಕಾದಂಬರಿಕಾರನೇ ದೇಶಭಕ್ತನೂ ಆಗಿದ್ದುದು ಅಪರೂಪವೇನಲ್ಲ. ಆಸ್ಟ್ರಿಯದ ಆಳ್ವಿಕೆಗೆ ಒಳಪಟ್ಟಿದ್ದ ಮಿಲಾನಿನಲ್ಲಿ ಅಲೆಸ್ಸಾಂಡ್ರೊ ಮಾಂಜೋನಿಯು, ಹಿಂದೊಮ್ಮೆ ಆ ಸೀಮೆಯನ್ನು ಆಳಿದ್ದ ಸ್ಪೇನಿನವರ ಕಾಲದ ದಬ್ಬಾಳಿಕೆಯನ್ನು ಕಥೆಯಾಗಿ ಹೆಣೆದು 1827ರಲ್ಲಿ ಹೊರತಂದಾಗ, ಅದರ ಇಂಗಿತವು ಓದುಗರಿಗೆ ತಿಳಿಯದೆ ಇರಲಿಲ್ಲ. ನಮ್ಮ ಮಂಗಳೂರಿನಲ್ಲಿ ಅಂಥವರನ್ನು ಅರಸುವವರಿಗೆ ಎದುರಾಗುವ ವ್ಯಕ್ತಿ ಗುಲ್ವಾಡಿ ವೆಂಕಟರಾಯರು. ಆದರೆ ವಿಚಿತ್ರವೆಂದರೆ, ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿಯ ಕರ್ತೃವೆಂದು ಮಾನ್ಯರಾದ ಇವರು ಆಂಗ್ಲ ಸರಕಾರದ ಪೋಲೀಸ್ ಇಲಾಖೆಯಲ್ಲಿ ಅಧಿಕಾರಿಗಳಾಗಿದ್ದರು.

1844ರಲ್ಲಿ ಸಾರಸ್ವತ ಕುಟುಂಬದಲ್ಲಿ ಜನಿಸಿದ ರಾಯರ ‘ಇಂದಿರಾಬಾಯಿ ಅಥವಾ ಸದ್ಧರ್ಮ ವಿಜಯವು’ ಎಂಬ ಗ್ರಂಥವು 1899ರಲ್ಲಿ, ಐದು ವರ್ಷಗಳ ಹಿಂದಷ್ಟೆ ಕಿಟ್ಟೆಲರ ನಿಘಂಟನ್ನು ಅಚ್ಚುಹಾಕಿದ್ದ ಬಾಸೆಲ್ ಮಿಷನ್ ಮುದ್ರಣಾಲಯದಿಂದಲೇ ಪ್ರಕಟವಾಯಿತು. ಕಥೆ ನಡೆಯುವ ಊರು ಕಮಲಪುರ. ಆ ಹೆಸರಿನ ಮರೆಯಲ್ಲಿರುವುದು ಮಂಗಳೂರೇ ಎಂಬುದನ್ನು ಊರವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ವಕ್ರಮಾರ್ಗದಿಂದ ಹಣ ಗಳಿಸಿದ ಭೀಮರಾಯನ ಮಗಳು ಇಂದಿರೆಯು ಎಳೆಯ ಪ್ರಾಯದಲ್ಲಿಯೇ ವಿಧವೆಯಾಗಿ, ಸಂತರೆಂದು ಕರೆಸಿಕೊಳ್ಳುವ ಢಾಂಭಿಕರ ಸೇವೆಗೆ ತನ್ನನ್ನು ಒಪ್ಪಿಸಹೊರಟ ತಂದೆತಾಯಿಗಳ ಮನೆಯನ್ನು ಬಿಟ್ಟು, ಸಜ್ಜನನಾದ ಅಮೃತರಾಯನ ಆಶ್ರಯವನ್ನು ಪಡೆದು, ವಿದ್ಯೆ ಕಲಿತು, ವಿಲಾಯತಿಯಲ್ಲಿ ಓದಿ ಬಂದ ಭಾಸ್ಕರನನ್ನು ಕೈಹಿಡಿಯುತ್ತಾಳೆ. ವಿಧವಾವಿವಾಹಕ್ಕೆ 1856ರಲ್ಲಿಯೇ ಕಾನೂನಿನ ಸಮ್ಮತಿ ದೊರೆತಿದ್ದರೂ ಸಮಾಜದ ಸಮ್ಮತಿ ದೊರೆತಿರಲಿಲ್ಲ; ಬ್ರಹ್ಮಸಮಾಜದ ವಿಚಾರಗಳು ಈ ಊರಿನಲ್ಲಿ ಆಗಲೇ ಬೇರೂರಿದ್ದುವು; 1897ರಲ್ಲಿ ಕುದ್ಮುಲ್ ರಂಗರಾಯರು ಇಲ್ಲಿಯೇ ದಲಿತರ ಉದ್ಧಾರಕ್ಕಾಗಿ ಸಂಸ್ಥೆಯನ್ನು ಕಟ್ಟಿ ಬಹಿಷ್ಕಾರದ ಬೇಗೆಯನ್ನು ಉಂಡಿದ್ದರು. ಇಂಥ ಕಾಲದಲ್ಲಿ ಸ್ವಜಾತಿಯ ಮನೆಮಾತನ್ನು ಅಚ್ಚಿಗೆ ಕೊಡುವುದಕ್ಕೆ ಎಂಟೆದೆ ಬೇಕಾಗಿತ್ತು.

ಕೃತಿಯಲ್ಲಿ ದೋಷಗಳಿಲ್ಲವೆಂದಲ್ಲ. ಸಜ್ಜನರು ಬಾಯಿತೆರೆದರೆ ಉಪದೇಶವೇ ಹರಿಯುವುದು, ಕಥೆ ಅಲ್ಲಲ್ಲಿ ಕುಂಟುವುದು. ದುರ್ಜನರ ವಿಷಯದಲ್ಲಿ ಮಾತ್ರ ರಾಯರ ಲೇಖನಿ ಎಲ್ಲಿಯೂ ಎಡವದು. ಲಂಚ, ಕಪಟ, ಕಾವಿಯ ಮರೆಯ ಕಾಮ ಇವುಗಳನ್ನು ಕಂಡರಿತವರ ನಿಶ್ಚಯದಿಂದಲೇ ಬರೆಯುತ್ತಾರೆ. (ಪೋಲೀಸ್ ಕೆಲಸವು ಸಾಹಿತ್ಯಕ್ಕೆ ಇಷ್ಟು ಉಪಕರಿಸಿದ ನಿದರ್ಶನಗಳು ನಮ್ಮಲ್ಲಿ ವಿರಳ.)

ಪರಕೀಯ ಪ್ರಭುತ್ವದ ವಿರುದ್ಧ ರಾಯರು ದನಿಯೆತ್ತಲಿಲ್ಲ. ಆಂಗ್ಲ ವಿದ್ಯೆಯನ್ನೂ ಆಂಗ್ಲರ ನ್ಯಾಯವನ್ನೂ ಅವರು ನೆಚ್ಚಿದವರು. ಕೌಚ್‌ಮನ್ ಎಂಬ ಆಂಗ್ಲ ಅಧಿಕಾರಿಯೇ 1903ರಲ್ಲಿ ಈ ಗ್ರಂಥವನ್ನು ಇಂಗ್ಲಿಷಿಗೆ ತಂದನೆಂದರೆ ಆಶ್ಚರ್ಯವಿಲ್ಲ. ಈ ಊರಿನ ಕಾರ್ನಾಡು ಸದಾಶಿವರಾಯರು ಗಾಂಧೀಜಿಯವರ ಹಾದಿಯನ್ನು ಹಿಡಿದು ಮನೆಮಾರುಗಳನ್ನು ಕಳೆದುಕೊಂಡದ್ದು ಆನಂತರದ ಕಥೆ; ವೆಂಕಟರಾಯರು 1913ರಲ್ಲಿಯೇ ತೀರಿಕೊಂಡಿದ್ದರು. ಆದರೂ ತನ್ನ ಜನರ ನಡುವಣ ಅನ್ಯಾಯವನ್ನು ತನ್ನ ಜನರ ಭಾಷೆಯಲ್ಲಿಯೇ, ಅವರ ಮುಖದೆದುರಿನಲ್ಲಿಯೇ ಹೇಳಿದ ಈ ಅಧಿಕಾರಿಯನ್ನು ದೇಶಾಭಿಮಾನಿಗಳ ಪಂಕ್ತಿಯಿಂದ ಎಬ್ಬಿಸುವ ಅಧಿಕಾರ ನಮಗಾರಿಗೂ ಇಲ್ಲ.