ಲೀಸಾ: ಮಾಯಲು ಬಿಡದ ಗಾಯ

ಕಾಳಿದಾಸನ ‘ಕುಮಾರಸಂಭವ’ದ ಮೊದಲ ಸರ್ಗದಲ್ಲಿ ಹಿಮಾಲಯದ ಆನೆಗಳಿಗೆ ಕೆನ್ನೆ ನವೆಯಾಗುತ್ತದೆ. ಅವು ಸರಲ ಮರಗಳಿಗೆ ಮೈ ತಿಕ್ಕುತ್ತವೆ. ತೊಗಟೆ ಕಿತ್ತು ಹಾಲು ಒಸರಿ ಬೆಟ್ಟದ ತಪ್ಪಲೆಲ್ಲ ಘಮಘಮಿಸುತ್ತದೆ. ಕವಿ ಹೇಳಿದ ಆ ಹಾಲೇ ಪೈನ್ ಮರದ ರಾಳ. ಇಂದು ಉತ್ತರಾಖಂಡದ ಕುಮಾವೂಂ, ಗಢವಾಲದ ಜನರ ಬಾಯಲ್ಲಿ ಆ ಮರ ಚೀಡ್, ಅದರ ರಾಳ ಲೀಸಾ. ಆನೆಯ ಕೆಲಸವನ್ನು ಗುತ್ತಿಗೆದಾರನ ಆಳುಗಳು ವಹಿಸಿಕೊಂಡು ನೂರು ವರ್ಷಕ್ಕೂ ಮೇಲಾಯಿತು.

ಮರದ ಮಟ್ಟಿಗೆ ರಾಳ ಔಷಧ. ಪೆಟ್ಟು ಬಿದ್ದಲ್ಲಿಗೆ ಹರಿದುಬಂದು, ಗಾಳಿಗೆ ಗಟ್ಟಿಯಾಗಿ, ಹುಳುವೂ ಬೂಷ್ಟೂ ಒಳಹೋಗದಂತೆ ಗಾಯ ಮುಚ್ಚುತ್ತದೆ. ಲೀಸಾ ತೆಗೆಯುವುದೆಂದರೆ ಆ ಗಾಯ ಮಾಯದಂತೆ ನೋಡಿಕೊಳ್ಳುವುದು. ಬೇಸಿಗೆಯ ಆರಂಭದಲ್ಲಿ ಕಾಂಡದ ಬುಡದ ತೊಗಟೆ ಹೆರೆದು, ತಗಡಿನ ತುಟಿಯೊಂದನ್ನು ಮೊಳೆ ಹೊಡೆದು ಕೂರಿಸಿ, ಕೆಳಗೆ ಬಟ್ಟಲು ತೂಗುಹಾಕುತ್ತಾರೆ. ಮಳೆಗಾಲ ಕಳೆದು ಚಳಿ ಶುರುವಾಗುವವರೆಗೂ ವಾರಕ್ಕೊಮ್ಮೆ ಬಂದು ಹಳೆಯ ಗೀರಿನ ಮೇಲೆ ಹೊಸ ಗೀರು. ಒಂದು ಮರ ಇಡೀ ಋತುವಿನಲ್ಲಿ ಕೊಡುವುದು ಕೆಲವೇ ಕಿಲೋ. ಕಡಿದಾದ ಇಳಿಜಾರಿನಲ್ಲಿ ಮರದಿಂದ ಮರಕ್ಕೆ ಹೋಗಿ, ಬಟ್ಟಲು ಬಗ್ಗಿಸಿ, ಡಬ್ಬಗಳಿಗೆ ತುಂಬಿ, ರಸ್ತೆಯವರೆಗೆ ಹೊತ್ತು ತರಬೇಕು. ನೇಪಾಳದಿಂದ ಬಂದ ಕೂಲಿಗಳೂ ಇದರಲ್ಲಿದ್ದಾರೆ. ಕೈಗಂಟಿದ ಲೀಸಾ ನೀರಿಗೆ ಜಗ್ಗುವುದಿಲ್ಲ, ಎಣ್ಣೆ ಹಚ್ಚಿ ತಿಕ್ಕಬೇಕು.

ಕಾರ್ಖಾನೆಯಲ್ಲಿ ಇದನ್ನು ಕಾಯಿಸಿ, ಕಸಕಡ್ಡಿ ಸೋಸಿ, ಹಬೆ ಹಾಯಿಸಿ ಬಟ್ಟಿ ಇಳಿಸುತ್ತಾರೆ. ಆವಿಯಾಗಿ ಹೋಗಿ ತಣಿದದ್ದು ಟರ್ಪೆಂಟೈನ್, ಸರಿಸುಮಾರು ಐದನೇ ಒಂದು ಪಾಲು. ತಳದಲ್ಲಿ ಉಳಿದದ್ದು ರೋಸಿನ್. ತಣ್ಣಗಾದರೆ ಗಾಜಿನಂತೆ ಒಡೆಯುತ್ತದೆ. ಬಣ್ಣ ತಿಳಿಯಾದಷ್ಟೂ ಬೆಲೆ ಹೆಚ್ಚು.

ಈ ರೋಸಿನ್ ಎಲ್ಲೆಲ್ಲಿ ಹೊಕ್ಕಿದೆ ಎಂದು ಕೇಳಿದರೆ ಸ್ವಲ್ಪ ಆಶ್ಚರ್ಯವೇ ಆಗುತ್ತದೆ. ಪಿಟೀಲಿನ ಕಮಾನಿಗೆ ಉಜ್ಜುವ ಬಿಲ್ಲೆ ಇದೇ. ಇದಿಲ್ಲದಿದ್ದರೆ ಕುದುರೆ ಕೂದಲು ತಂತಿಯ ಮೇಲೆ ಸುಮ್ಮನೆ ಜಾರುತ್ತದೆ. ಪಿಟೀಲು ಚೌಡಯ್ಯನವರ ಏಳು ತಂತಿಯೂ ಮೂಕ. ರೇಡಿಯೋ ರಿಪೇರಿಯವರು ಬೆಸುಗೆ ಹಾಕುವಾಗ ಏಳುವ ಹೊಗೆಯ ವಾಸನೆ ಇದರದು. ಶಾಯಿ ಹರಡದ ಕಾಗದಕ್ಕೂ ಇದೇ ಕಾರಣ: ಜರ್ಮನಿಯ ಮೊರಿಟ್ಜ್ ಇಲ್ಲಿಗ್ 1807ರಲ್ಲಿ ರೋಸಿನ್ ಮತ್ತು ಪಟಿಕ ಬೆರೆಸುವ ವಿಧಾನವನ್ನು ಪ್ರಕಟಿಸಿದ ಮೇಲೆ ಯಂತ್ರದ ಕಾಗದಕ್ಕೆ ಬಹುಕಾಲ ಅದೇ ಗತಿಯಾಯಿತು. ರಸ್ತೆಯ ಬಿಳಿ ಪಟ್ಟೆ, ಅಂಟು, ಮುದ್ರಣದ ಶಾಯಿ, ವಾರ್ನಿಷ್, ಚೂಯಿಂಗ್ ಗಮ್ ಎಂದು ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ.

ಟರ್ಪೆಂಟೈನ್ ಬಣ್ಣ ಬಳಿಯುವವರ ಡಬ್ಬಿಗಷ್ಟೇ ಸೀಮಿತವಲ್ಲ. ಅದರಲ್ಲಿರುವ ಪೈನೀನ್ ಎಂಬ ಅಂಶದಿಂದ ಕರ್ಪೂರ ತಯಾರಾಗುತ್ತದೆ. ಮಂಗಳಾರತಿಯಲ್ಲಿ ಉರಿಯುವುದು ಕರ್ಪೂರದ ಮರದಿಂದ ಬಂದದ್ದಲ್ಲ, ಬಹುಮಟ್ಟಿಗೆ ಪೈನ್ ಮರದ್ದು. ತಮಾಷೆಯೆಂದರೆ ನಮ್ಮ ಚೀಡ್ ಮರದ ಟರ್ಪೆಂಟೈನಿನಲ್ಲಿ ಪೈನೀನ್ ಕಡಿಮೆ, ಕ್ಯಾರೀನ್ ಎಂಬ ಇನ್ನೊಂದು ಅಂಶವೇ ಜಾಸ್ತಿ. ಹಾಗಾಗಿ ದೇವರ ಮುಂದಿನ ಕರ್ಪೂರಕ್ಕೆ ಹೊರದೇಶದ ಟರ್ಪೆಂಟೈನೂ ಬರಬೇಕು.

ಹಡಗುಗಳು ಮರದವಾಗಿದ್ದ ಕಾಲದಲ್ಲಿ ಸಂದು ಮುಚ್ಚಲು, ಹಗ್ಗಕ್ಕೆ ಬಳಿಯಲು ಪೈನ್ ಮರದ ಡಾಂಬರೇ ಬೇಕಿತ್ತು. ಅಮೆರಿಕದ ನಾರ್ತ್ ಕೆರೊಲಿನಾ, ಫ್ರಾನ್ಸಿನ ಲಾಂಡ್ ಪ್ರದೇಶ ಈ ದಂಧೆಯಿಂದಲೇ ಹೆಸರಾದವು. ಭಾರತದಲ್ಲಿ ಬ್ರಿಟಿಷ್ ಅರಣ್ಯ ಇಲಾಖೆ 19ನೇ ಶತಮಾನದ ಕೊನೆಯಲ್ಲಿ ಚೀಡ್ ಕಾಡಿಗೆ ಕೈಹಾಕಿತು. ದೊಡ್ಡ ಕಾರ್ಖಾನೆ ಎದ್ದದ್ದು ಕೆಳಗೆ ಬಯಲಿನ ಬರೇಲಿ ಬಳಿ. ಕಾಡು ಮೀಸಲಾದ ಮೇಲೆ ಊರವರಿಗೆ ಮೇವು, ಸೌದೆಗೂ ನಿರ್ಬಂಧ. ಆ ಸಿಟ್ಟಿಗೆ ಜನರೇ ಇಟ್ಟ ಬೆಂಕಿಯಲ್ಲಿ 1921ರ ಬೇಸಿಗೆಯಲ್ಲಿ ಕುಮಾವೂಂ ಹೊತ್ತಿ ಉರಿಯಿತು. ರಾಳದ ದಾಸ್ತಾನುಗಳೂ ಸುಟ್ಟುಹೋದವು. ಬೆಂಗಳೂರಿನಲ್ಲಿ ನೆಲೆಸಿರುವ ಇತಿಹಾಸಕಾರ ರಾಮಚಂದ್ರ ಗುಹಾ ತಮ್ಮ 1989ರ ಪುಸ್ತಕದಲ್ಲಿ ಒಂದು ಸಂಗತಿಯನ್ನು ಎತ್ತಿ ತೋರಿಸಿದ್ದಾರೆ: ಉರಿದದ್ದು ಸರ್ಕಾರಕ್ಕೆ ಹಣ ತರುತ್ತಿದ್ದ ಚೀಡ್ ಕಾಡು, ಜನರಿಗೆ ಸೊಪ್ಪು ಕೊಡುತ್ತಿದ್ದ ಓಕ್ ಕಾಡನ್ನು ಯಾರೂ ಮುಟ್ಟಲಿಲ್ಲ.

ಚಿಪ್ಕೋ ಎಂದರೆ ನಮಗೆ ಮರ ಅಪ್ಪಿಕೊಂಡ ಹೆಂಗಸರ ಚಿತ್ರ ನೆನಪಾಗುತ್ತದೆ. ಆ ಚಳವಳಿಯ ಬೇರಿನಲ್ಲೂ ಲೀಸಾ ಇದೆ. ಗೋಪೇಶ್ವರದಲ್ಲಿ ಚಂಡಿ ಪ್ರಸಾದ್ ಭಟ್ ಮತ್ತು ಸಂಗಡಿಗರ ದಶೋಲಿ ಗ್ರಾಮ ಸ್ವರಾಜ್ಯ ಸಂಘ ಸಣ್ಣದೊಂದು ರೋಸಿನ್–ಟರ್ಪೆಂಟೈನ್ ಘಟಕ ನಡೆಸುತ್ತಿತ್ತು. ನಮ್ಮ ಕಾಡಿನ ಲೀಸಾ ನಮಗೇ ದುಬಾರಿ, ಬಯಲಿನ ದೊಡ್ಡ ಕಾರ್ಖಾನೆಗೆ ಅಗ್ಗ ಎಂಬುದು ಅವರ ದೂರಾಗಿತ್ತು. 1973ರಲ್ಲಿ ಮರ ಅಪ್ಪುವ ಮಾತು ಬಂದದ್ದು ಈ ಸಿಟ್ಟು ಕುದಿಯುತ್ತಿದ್ದಾಗಲೇ. ಮುಂದೆ 1977ರಲ್ಲಿ ತೆಹ್ರಿಯ ಹೆಂವಲ್ ಕಣಿವೆಯಲ್ಲಿ ಚಿಪ್ಕೋ ಮಂದಿ ಮಿತಿಮೀರಿ ಕೆತ್ತಿದ್ದ ಚೀಡ್ ಮರಗಳಿಂದ ತಗಡು ಕಿತ್ತು, ಮಣ್ಣು ಮೆತ್ತಿ, ಗೋಣಿಯ ಪಟ್ಟಿ ಕಟ್ಟಿದರು. 1983ರಲ್ಲಿ ಶಿರಸಿ ಸೀಮೆಯ ಸಾಲ್ಕಣಿಯಲ್ಲಿ ಹುಟ್ಟಿದ ನಮ್ಮ ಅಪ್ಪಿಕೋ ಇದೇ ಚಿಪ್ಕೋವಿನ ತಂಗಿ.

ಮಿತಿಮೀರಿದ ಕೆತ್ತನೆಗೆ ಮರ ಒಂದೇ ದಿನದಲ್ಲಿ ಸಾಯುವುದಿಲ್ಲ. ಉದುರಿದ ಚೀಡ್ ಎಲೆಗೆ, ಅಲ್ಲಿನವರ ಮಾತಿನ ಪಿರೂಲ್‌ಗೆ, ಬೇಸಿಗೆಯಲ್ಲಿ ಕಿಡಿ ತಗುಲಿದರೆ ಬೆಂಕಿ ಸೀದಾ ರಾಳ ಅಂಟಿದ ಗಾಯಕ್ಕೆ ಏರುತ್ತದೆ. ಬುಡ ಟೊಳ್ಳಾಗುತ್ತದೆ, ಮುಂದಿನ ಗಾಳಿಗೆ ಮರ ಮುರಿಯುತ್ತದೆ. ಇದನ್ನು ತಪ್ಪಿಸಲೆಂದೇ ಆಮೇಲೆ ತೆಳ್ಳಗೆ ಗೀರಿ ನೀರು ಬೆರೆಸಿದ ಆಮ್ಲ ಸಿಂಪಡಿಸುವ ರಿಲ್ ವಿಧಾನ ಬಂತು; ಅದಕ್ಕೂ ಈಚೆಗೆ ಬುಡದಲ್ಲಿ ರಂಧ್ರ ಕೊರೆದು ಮುಚ್ಚಿದ ಡಬ್ಬಿಗೆ ಇಳಿಸಿಕೊಳ್ಳುವ ವಿಧಾನ. ಈ ಕೊನೆಯದರಲ್ಲಿ ಗಾಯ ಸಣ್ಣದು, ಲೀಸಾ ಶುದ್ಧ, ಬೆಂಕಿಗೆ ಸಿಗುವ ಮೈಯೂ ಕಡಿಮೆ. ಲೀಸಾ ಬೇಕೇ ಬೇಕು ಎನ್ನುವುದಾದರೆ ಉಳಿದ ಎರಡನ್ನೂ ಕೈಬಿಟ್ಟು ಇದೊಂದನ್ನೇ ಉಳಿಸಿಕೊಳ್ಳುವುದು ಸರಿಯೆಂದು ನನ್ನ ಅಭಿಪ್ರಾಯ.

ಕೇದಾರ–ಬದರಿಗೆ ಹೋಗುವ ನಮ್ಮವರ ಬಸ್ಸು ಚೀಡ್ ಕಾಡುಗಳ ನಡುವೆಯೇ ಹಾಯುತ್ತದೆ. ಚಹಾಕ್ಕೆ ಇಳಿದಾಗ ಮೀನಿನ ಮೂಳೆಯಂತೆ ಗೀರು ಬಿದ್ದ ಕಾಂಡಗಳನ್ನು ಹತ್ತಿರ ಹೋಗಿ ನೋಡಿ, ಮೂಸಿ ನೋಡಿ. ಬಟ್ಟಲಿಗೆ ಕೈಹಾಕಬೇಡಿ, ಅದು ಒಬ್ಬರ ವಾರದ ದುಡಿಮೆ. ಮೇ ತಿಂಗಳಲ್ಲಿ ಹೋದರಂತೂ ಆ ಮರಗಳ ಕೆಳಗೆ ಬೆಂಕಿಕಡ್ಡಿ ಗೀರಲೇಬೇಡಿ.