ಮಹಡಿಯ ಮೇಲೆ ಹುಡುಗ, ಅಡುಗೆಮನೆಯಲ್ಲಿ ಅಜ್ಜಿ

“ಬೆ. 7: ಜ್ವರ 101.2, ಆಕ್ಸಿಜನ್ 96, ಗಂಜಿ ಅರ್ಧ ಲೋಟ, ಉಳಿಸಿದ. ಮ. 12: ಜ್ವರ 100.4, ಆಕ್ಸಿಜನ್ 95, ಮೆಣಸಿನ ಸಾರು, ಪೂರ್ತಿ ಕುಡಿದ. ರಾ. 8: ಜ್ವರ 102, ಆಕ್ಸಿಜನ್ 95, ಮಾತು ಕಡಿಮೆ.”

2021ರ ಜನವರಿಯ ಒಂದು ದಿನದ ದಾಖಲೆ ಇದು. ಆಮೇಲೊಮ್ಮೆ ಲಂಡನ್ನಿನ ಪಶ್ಚಿಮದ ಅಂಚಿನಲ್ಲಿ, ಹೀಥ್ರೂ ವಿಮಾನ ನಿಲ್ದಾಣಕ್ಕೆ ಹತ್ತಿರದ ಹೇಸ್‌ನಲ್ಲಿ ಒಂದು ಕನ್ನಡ ಮನೆಗೆ ಊಟಕ್ಕೆ ಹೋಗಿದ್ದೆ. ಮಾತಿನ ನಡುವೆ ಆ ಮನೆಯ ಅಜ್ಜಿ ಕಪಾಟಿನಿಂದ ಈ ನೋಟ್‌ಬುಕ್ ತೆಗೆದು ಕೈಗಿಟ್ಟರು. ಕಡೂರು ಕಡೆಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯಾಗಿ ನಿವೃತ್ತರಾದವರು. ಹಾಜರಿ ಪುಸ್ತಕಕ್ಕೆ ಗೆರೆ ಎಳೆದ ಕೈಯೇ ಇಲ್ಲೂ ಗೆರೆ ಎಳೆದಿದೆ. ಕೊರೋನಾ ಬಗ್ಗೆ ಸಾವಿರಾರು ಪುಟ ಓದಿದ್ದೇನೆ. ಮನೆಯೊಳಗೆ ಒಬ್ಬ ರೋಗಿಯನ್ನು ಬೇರೆ ಇಟ್ಟು ಉಳಿಸಿಕೊಳ್ಳುವುದು ಏನೆಂಬುದನ್ನು ಇಷ್ಟು ಸ್ಪಷ್ಟವಾಗಿ ಹೇಳಿದ ಬರಹ ನನ್ನ ಕಣ್ಣಿಗೆ ಬಿದ್ದದ್ದು ಇದೇ ಮೊದಲು.

ರೋಗಿ ಮನೆಯವನಲ್ಲ. ಅಕ್ಸ್‌ಬ್ರಿಜ್‌ನ ಬ್ರೂನೆಲ್ ವಿಶ್ವವಿದ್ಯಾಲಯಕ್ಕೆ ಎಂ.ಎಸ್‌ಸಿ ಓದಲು ಬಂದಿದ್ದ ಮಂಡ್ಯ ಕಡೆಯ ಹುಡುಗ, ಮೇಲಿನ ಪುಟ್ಟ ಕೋಣೆಯಲ್ಲಿ ಬಾಡಿಗೆಗಿದ್ದ. ಪರೀಕ್ಷೆಯಲ್ಲಿ ಪಾಸಿಟಿವ್ ಬಂದ ಸಂಜೆ ಮೆಟ್ಟಿಲ ಮೇಲೆ ನಿಂತೇ, “ಅಕ್ಕಾ, ನಾನೇನು ಮಾಡ್ಲಿ, ಬೇರೆ ಕಡೆ ಹೋಗ್ಲಾ?” ಎಂದು ಮನೆಯ ಸೊಸೆಯನ್ನು ಕೇಳಿದನಂತೆ. ಉತ್ತರ ಬಂದದ್ದು ಅಡುಗೆಮನೆಯಿಂದ: “ಎಲ್ಲಿಗೆ ಹೋಗ್ತೀಯಪ್ಪ? ಕೋಣೆಗೆ ಹೋಗಿ ಬಾಗಿಲು ಹಾಕ್ಕೋ. ಊಟ ಬರುತ್ತೆ.”

ಆ ಮನೆಯ ನಕ್ಷೆ ತಿಳಿದರೆ ಈ ಮಾತಿನ ತೂಕ ಗೊತ್ತಾಗುತ್ತದೆ. ಹೇಸ್‌ನ ಬಹುಪಾಲು ಮನೆಗಳಂತೆ ಅದೂ ಕೆಳಗೆ ಹಜಾರ, ಅಡುಗೆಮನೆ, ಮೇಲೆ ಮೂರು ಕೋಣೆ, ಒಂದೇ ಬಚ್ಚಲು. ಗಂಡ, ಹೆಂಡತಿ, ಶಾಲೆಗೆ ಹೋಗುವ ಮಗಳು, ಅರವತ್ತು ದಾಟಿದ, ಸಕ್ಕರೆ ಕಾಯಿಲೆಯ ಅಜ್ಜಿ. ರೋಗ ತಗುಲಿದರೆ ಹೆಚ್ಚು ಅಪಾಯ ಅಜ್ಜಿಗೇ. ಆಗಿನ್ನೂ ಅವರಿಗೆ ಲಸಿಕೆಯ ಸರದಿ ಬಂದಿರಲಿಲ್ಲ. ಬ್ರಿಟನ್ನಿನಿಂದ ಭಾರತಕ್ಕೆ ವಿಮಾನಗಳು 2020ರ ಡಿಸೆಂಬರ್ ಕೊನೆಯಲ್ಲಿ ನಿಂತು, ಜನವರಿ ಎರಡನೇ ವಾರದಲ್ಲಷ್ಟೇ ಮತ್ತೆ ಶುರುವಾಗಿದ್ದವು. ಊರಿಗೆ ಹೊರಟಿದ್ದ ಅಜ್ಜಿ ಹೀಗೆ ಸಿಕ್ಕಿಹಾಕಿಕೊಂಡಿದ್ದರು.

ಮನೆಯವರು ಮಾಡಿಕೊಂಡ ಏರ್ಪಾಡು ಹೀಗಿತ್ತು. ಅಜ್ಜಿ ಕೆಳಗಿನ ಹಜಾರದಲ್ಲೇ ಮಲಗುವುದು, ಮೆಟ್ಟಿಲು ಹತ್ತಬಾರದು. ಅಡುಗೆ ಅವರದು. ಸೊಸೆ ಮಾಸ್ಕ್ ಹಾಕಿಕೊಂಡು ತಟ್ಟೆ ಒಯ್ದು, ಕೋಣೆಯ ಹೊರಗಿನ ಸ್ಟೂಲಿನ ಮೇಲಿಟ್ಟು, ಬಾಗಿಲು ಬಡಿದು ಕೆಳಗಿಳಿಯುವುದು. ಬಚ್ಚಲಿಗೆ ಹುಡುಗ ಎಲ್ಲರಿಗಿಂತ ಕೊನೆಗೆ ಹೋಗಿ, ಕಿಟಕಿ ತೆರೆದಿಟ್ಟು, ನಲ್ಲಿ, ಚಿಲಕ ಒರೆಸಿ ಬರುವುದು. ಅವನ ಟವೆಲ್, ಲೋಟ, ತಟ್ಟೆ ಬೇರೆ. ಆಗಿನ ಕಾನೂನಿನ ಪ್ರಕಾರ ಸೋಂಕಿತನಷ್ಟೇ ಅಲ್ಲ, ಇಡೀ ಮನೆಯವರು 10 ದಿನ ಹೊರಗೆ ಕಾಲಿಡುವಂತಿರಲಿಲ್ಲ. ತಪ್ಪಿದರೆ ದಂಡ 1,000 ಪೌಂಡ್‌ನಿಂದ ಶುರು. ತರಕಾರಿ, ಹಾಲು, ಅಕ್ಕಿಯನ್ನು ಸೌತಾಲ್ ಕಡೆಯ ಕನ್ನಡ ಗೆಳೆಯರು ತಂದು ಬಾಗಿಲಲ್ಲಿಟ್ಟು ಹೋಗುತ್ತಿದ್ದರು.

ನೋಟ್‌ಬುಕ್ ಹುಟ್ಟಿದ್ದು ಮಂಡ್ಯದಲ್ಲಿದ್ದ ತಾಯಿಗಾಗಿ. ಹುಡುಗ ಕೋಣೆಯೊಳಗಿಂದ ಫೋನಿನಲ್ಲಿ ಅಂಕಿ ಹೇಳಬೇಕು, ಅಜ್ಜಿ ಕೆಳಗೆ ಕೂತು ಬರೆದುಕೊಳ್ಳಬೇಕು, ರಾತ್ರಿ ಆ ಪುಟದ ಫೋಟೋ ವಾಟ್ಸ್‌ಆ್ಯಪ್‌ನಲ್ಲಿ ಮಂಡ್ಯಕ್ಕೆ ಹೋಗಬೇಕು. “ಚೆನ್ನಾಗಿದಾನೆ ಅಂದ್ರೆ ಯಾವ ತಾಯಿ ನಂಬ್ತಾಳೆ? ಎಷ್ಟು ತಿಂದ ಅಂತ ಬರೆದ್ರೆ ನಂಬ್ತಾಳೆ” ಎಂದರು ಅಜ್ಜಿ.

ಆ ಅಂಕಿಗಳಲ್ಲಿ ನನ್ನನ್ನು ಹಿಡಿದಿಟ್ಟದ್ದು ಆಕ್ಸಿಜನ್ನಿನದು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಆಗ ಮನೆಮನೆಗೂ ಬಂತು. ಅದನ್ನು ಕಂಡುಹಿಡಿದವರ ಹೆಸರು ಮಾತ್ರ ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ಟೋಕಿಯೋದ ನಿಹೋನ್ ಕೋಡೆನ್ ಕಂಪನಿಯ ಎಂಜಿನಿಯರ್ ತಕುವೋ ಅವೋಯಾಗಿ. 1970ರ ದಶಕದ ಆರಂಭದಲ್ಲಿ ಅವರು ಅಳೆಯಲು ಹೊರಟದ್ದು ಬೇರೆಯದನ್ನು: ರಕ್ತಕ್ಕೆ ಬಣ್ಣ ಸೇರಿಸಿ, ಕಿವಿಯ ಮೇಲೆ ಬೆಳಕು ಹಾಯಿಸಿ, ಹೃದಯ ಎಷ್ಟು ರಕ್ತ ತಳ್ಳುತ್ತದೆ ಎಂಬುದನ್ನು. ನಾಡಿಯ ಮಿಡಿತ ಆ ಲೆಕ್ಕವನ್ನು ಕೆಡಿಸುತ್ತಿತ್ತು. ಅದನ್ನು ತೊಲಗಿಸಲು ಎರಡು ಬಗೆಯ ಬೆಳಕು ಬಳಸಿ ನೋಡುವಾಗ, ಕಾಟ ಕೊಡುತ್ತಿದ್ದ ಆ ಮಿಡಿತದಿಂದಲೇ ರಕ್ತದ ಆಮ್ಲಜನಕವನ್ನು ತಿಳಿಯಬಹುದು ಎಂಬುದು ಹೊಳೆಯಿತು. ಆಮ್ಲಜನಕ ತುಂಬಿದ ರಕ್ತ ಕೆಂಪು ಬೆಳಕನ್ನು ಕಡಿಮೆ ಹೀರುತ್ತದೆ, ಅವಕೆಂಪು ಬೆಳಕನ್ನು ಹೆಚ್ಚು ಹೀರುತ್ತದೆ. ಮಿಡಿಯುವ ಭಾಗವನ್ನು ಮಾತ್ರ ಹಿಡಿದರೆ ಚರ್ಮ, ಮೂಳೆಗಳ ಲೆಕ್ಕ ಬಿಟ್ಟುಹೋಗಿ ಅಪಧಮನಿಯ ರಕ್ತವಷ್ಟೇ ಉಳಿಯುತ್ತದೆ. 1974ರಲ್ಲಿ ಅವರು ಇದನ್ನು ಜಪಾನಿನಲ್ಲಿ ಮಂಡಿಸಿದರು. ತೀರಿಕೊಂಡದ್ದು 2020ರ ಏಪ್ರಿಲ್‌ನಲ್ಲಿ, ಜಗತ್ತು ಅವರ ಯಂತ್ರಕ್ಕಾಗಿ ಅಂಗಡಿ ಅಂಗಡಿ ಅಲೆಯುತ್ತಿದ್ದ ತಿಂಗಳಲ್ಲಿ.

ಕೊರೋನಾದಲ್ಲಿ ಈ ಯಂತ್ರ ಇಷ್ಟು ಮುಖ್ಯವಾದದ್ದಕ್ಕೆ ಕಾರಣವಿದೆ. ಆಮ್ಲಜನಕ ಇಳಿಯುತ್ತಿದ್ದರೂ ಕೆಲವರಿಗೆ ಏದುಸಿರೇ ಬರುತ್ತಿರಲಿಲ್ಲ. ಮಾತಾಡಿಕೊಂಡು ಕೂತವರು ಆಸ್ಪತ್ರೆ ಸೇರುವಷ್ಟರಲ್ಲಿ ತಡವಾಗುತ್ತಿತ್ತು. ಆದ್ದರಿಂದಲೇ 2020ರ ಕೊನೆಯಲ್ಲಿ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಅಪಾಯ ಹೆಚ್ಚಿದ್ದ ರೋಗಿಗಳ ಮನೆಗೇ ಆಕ್ಸಿಮೀಟರ್ ಕಳಿಸತೊಡಗಿತು. 95 ಮತ್ತು ಮೇಲಿದ್ದರೆ ಮನೆಯಲ್ಲೇ ಇರಿ. 93, 94 ಬಂದರೆ ಡಾಕ್ಟರಿಗೋ ಸಹಾಯವಾಣಿ 111ಕ್ಕೋ ಫೋನ್ ಮಾಡಿ. 92 ಅಥವಾ ಕಡಿಮೆಯಾದರೆ ತಡಮಾಡದೆ ಆಸ್ಪತ್ರೆಗೆ. ಅಳೆಯುವುದಕ್ಕೂ ಕ್ರಮವಿತ್ತು. ಐದು ನಿಮಿಷ ಸುಮ್ಮನೆ ಕೂತು, ಕೈ ಬೆಚ್ಚಗಿದ್ದು, ಉಗುರಿನ ಬಣ್ಣ ತೆಗೆದು, ಅಂಕಿ ನಿಲ್ಲುವವರೆಗೆ ಒಂದು ನಿಮಿಷವಾದರೂ ಕಾಯಬೇಕು. ಈ ಹುಡುಗನ ಆಕ್ಸಿಮೀಟರ್ ಎನ್‌ಎಚ್‌ಎಸ್ ಕೊಟ್ಟದ್ದಲ್ಲ, ಗೆಳೆಯರು ಕೊಂಡುತಂದದ್ದು. ಕ್ರಮ ಮಾತ್ರ ಅದೇ.

ನೋಟ್‌ಬುಕ್ಕಿನ ಏಳನೆಯ ದಿನದ ಪುಟದಲ್ಲಿ ಅಕ್ಷರ ಸ್ವಲ್ಪ ಅಲುಗಿದೆ. “ರಾ. 11: ಆಕ್ಸಿಜನ್ 93. 111ಕ್ಕೆ ಫೋನ್. ಕೈ ತಣ್ಣಗಿದೆ ಅಂದ. ಬಿಸಿನೀರಿನ ಬಾಟಲಿ ಹಿಡಿಸಿ ಮತ್ತೆ ನೋಡಿದ್ದು 95. ರಾ. 2: 95. ಬೆ. 5: 96.” ಎರಡನೆಯ ಅಂಕಿ ಚೆನ್ನಾಗಿ ಬಂತೆಂದು ಫೋನ್ ಇಟ್ಟುಬಿಡಲಿಲ್ಲ. 111ರವರು ಎಲ್ಲ ಕೇಳಿಸಿಕೊಂಡು, ಎಷ್ಟೆಷ್ಟು ಹೊತ್ತಿಗೆ ನೋಡಬೇಕು, ಯಾವಾಗ ಆಂಬುಲೆನ್ಸ್ ಕರೆಯಬೇಕು ಎಂದು ತಿಳಿಸಿದರು. ಮನೆ ಇಡೀ ರಾತ್ರಿ ಎದ್ದಿತ್ತು.

ಈ ಯಂತ್ರದ ಮೇಲೆ ನನಗೆ ಎಷ್ಟು ಪ್ರೀತಿಯೋ ಅಷ್ಟೇ ಅನುಮಾನವೂ ಇದೆ. 2020ರ ಡಿಸೆಂಬರ್‌ನಲ್ಲಿ ಅಮೆರಿಕದ ಮಿಷಿಗನ್ನಿನ ವೈದ್ಯ ಮೈಕೆಲ್ ಶೋಡಿಂಗ್ ಮತ್ತು ಸಂಗಡಿಗರು ಪ್ರಕಟಿಸಿದ ಲೆಕ್ಕದಂತೆ, ಅಡಗಿರುವ ಆಮ್ಲಜನಕದ ಕೊರತೆ ಆಕ್ಸಿಮೀಟರಿಗೆ ತಪ್ಪಿಹೋಗುವುದು ಬಿಳಿಯರಿಗಿಂತ ಕಪ್ಪು ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚು. ಚರ್ಮದ ಬಣ್ಣ ಗಾಢವಾದಷ್ಟೂ ಯಂತ್ರ ಇರುವುದಕ್ಕಿಂತ ಹೆಚ್ಚಿನ ಅಂಕಿ ತೋರಿಸಬಹುದು. ಎನ್‌ಎಚ್‌ಎಸ್ ಈ ಎಚ್ಚರಿಕೆಯನ್ನು ತನ್ನ ಸಲಹೆಗೆ ಸೇರಿಸಿದ್ದು 2021ರ ಜುಲೈ ಕೊನೆಯಲ್ಲಿ. ಬ್ರಿಟಿಷ್ ಸರ್ಕಾರ ನೇಮಿಸಿದ್ದ ಮಾರ್ಗರೆಟ್ ವೈಟ್‌ಹೆಡ್ ಸಮಿತಿ 2024ರ ಮಾರ್ಚ್‌ನಲ್ಲಿ ಅದನ್ನೇ ಗಟ್ಟಿಯಾಗಿ ಹೇಳಿತು. ಹಾಗಾದರೆ ಮಂಡ್ಯದ ಹುಡುಗನ 95 ನಿಜವಾಗಿ 95 ಆಗಿತ್ತೇ? ಒಂದು ಅಂಕಿಯನ್ನು ನೆಚ್ಚಿ ಕೂರಬೇಡಿ, ಮೊದಲ ದಿನದಿಂದ ಅದು ಹೇಗೆ ಇಳಿಯುತ್ತಿದೆ ನೋಡಿ ಎಂಬುದು ಈಗಿನ ಸಲಹೆ. ಅಜ್ಜಿಯ ಸಾಲುಗಳು ಮಾಡಿದ್ದು ಅದನ್ನೇ. “ಮಾತು ಕಡಿಮೆ”, “ಮೂತ್ರಕ್ಕೆ ಹೋಗುವಾಗ ಸುಸ್ತು”, “ಅನ್ನ ಕೇಳಿ ಹಾಕಿಸಿಕೊಂಡ”. ಈ ಮಾತುಗಳು ಚರ್ಮದ ಬಣ್ಣ ನೋಡಿ ಬದಲಾಗುವುದಿಲ್ಲ.

ಅತ್ತೆ ಸೊಸೆಗೆ ಜಗಳವಾದದ್ದು ಕಿಟಕಿಯ ವಿಷಯಕ್ಕೆ. ಜನವರಿಯ ಚಳಿಯಲ್ಲಿ ಸೊಸೆ ಕೋಣೆಯ ಕಿಟಕಿ ತೆರೆಸಿದಳು. ಜ್ವರದ ಹುಡುಗನಿಗೆ ಗಾಳಿ ಬಡಿದರೆ ಎದೆಗೆ ಇಳಿಯುತ್ತದೆ ಎಂದು ಅಜ್ಜಿ. ಸೊಸೆಯೇ ಸರಿ. ರೋಗ ಹರಡುತ್ತಿದ್ದದ್ದು ಮುಖ್ಯವಾಗಿ ಉಸಿರಿನಿಂದ. ಆದರೂ ಮೊದಲ ತಿಂಗಳುಗಳಲ್ಲಿ ಲೋಕವೆಲ್ಲ ಹಾಲಿನ ಪ್ಯಾಕೆಟ್ ತೊಳೆಯುತ್ತ ಕೂತಿತು. ರೋಗಿಯ ಕೋಣೆಯ ಗಾಳಿ ಹೊರಗಿನ ಗಾಳಿಯಷ್ಟೇ ಶುದ್ಧವಾಗಿರಬೇಕು, ಆದರೆ ಅವನಿಗೆ ಚಳಿಯಾಗಬಾರದು ಎಂದು ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲೇ ಬರೆದಿದ್ದರು. ಕೊನೆಗೆ ಕಿಟಕಿ ತೆರೆದೇ ಇತ್ತು, ಹುಡುಗನಿಗೆ ಅಜ್ಜಿಯ ಕಂಬಳಿಯೂ ಹೋಯಿತು.

ಬೇರೆಲ್ಲ ವಿಷಯದಲ್ಲಿ ಅಜ್ಜಿಗೆ ಹೇಳಿಕೊಡುವ ಅಗತ್ಯವೇ ಇರಲಿಲ್ಲ. ಮನೆಗೆ ‘ಅಮ್ಮ’, ಅಂದರೆ ಸಿಡುಬು, ಬಂದಾಗ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುವುದು, ಹೊರಗಿನವರು ಒಳಗೆ ಬರದಿರುವುದು, ಒಗ್ಗರಣೆ ಹಾಕದೆ ತಂಪಿನ ಅಡುಗೆ ಮಾಡುವುದು, ಎಲ್ಲ ಇಳಿದ ಮೇಲೆ ಬೇವು ಅರಿಸಿನದ ನೀರು ಹಾಕುವುದು ಇವನ್ನೆಲ್ಲ ಕಂಡು ಬೆಳೆದವರು. ಅದರಲ್ಲಿ ಪೂಜೆಯ ಭಾಗವೂ ಇದೆ, ರೋಗ ಹರಡದಂತೆ ತಡೆಯುವ ಭಾಗವೂ ಇದೆ. ಎರಡನೆಯದು ನಿಜಕ್ಕೂ ಕೆಲಸ ಮಾಡುತ್ತಿತ್ತು ಎಂದೇ ನನ್ನ ನಂಬಿಕೆ.

ಸರ್ಕಾರಗಳು ಈ ಕೆಲಸ ಕೈಗೆತ್ತಿಕೊಂಡಾಗ ಕಥೆ ಬೇರೆಯಾಗುತ್ತದೆ. 1898ರಲ್ಲಿ ಪ್ಲೇಗ್ ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲಿ ಬೆಂಗಳೂರಿಗೆ ಬಂದಾಗ ರೋಗಿಗಳನ್ನೂ ಜೊತೆಯವರನ್ನೂ ಊರಾಚೆಯ ಕ್ಯಾಂಪುಗಳಿಗೆ ಸಾಗಿಸಿದರು. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಜನ ದಂಗೆಯೆದ್ದರು. ತಾವಾಗಿಯೇ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ಹಳ್ಳಿಗರ ನೆನಪು ಇನ್ನೂ ಎಷ್ಟೋ ಮನೆಗಳಲ್ಲಿದೆ. 2020ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ವಿದೇಶದಿಂದ ಬಂದವರ ಕೈಗೆ ಮುದ್ರೆ ಒತ್ತಿತು, ಅವರ ಮನೆಯ ವಿಳಾಸಗಳ ಪಟ್ಟಿಯನ್ನೇ ಪ್ರಕಟಿಸಿತು. ‘ಕ್ವಾರಂಟೈನ್ ವಾಚ್’ ಆ್ಯಪ್‌ನಲ್ಲಿ ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸೆಲ್ಫಿ ಕಳಿಸಬೇಕೆಂದಿತು. ಆ ಸೆಲ್ಫಿಯಿಂದ ಮನುಷ್ಯ ಎಲ್ಲಿದ್ದಾನೆಂದು ಗೊತ್ತಾಗುತ್ತಿತ್ತು. ಅವನು ಉಂಡನೇ, ಉಸಿರು ಸರಿಯಾಗಿದೆಯೇ ಎಂದು ಗೊತ್ತಾಗುತ್ತಿರಲಿಲ್ಲ.

ಇಂಗ್ಲೆಂಡ್ ಸೆಲ್ಫಿ ಕೇಳಲಿಲ್ಲ, ಆದರೆ ದುಡ್ಡಿನ ವಿಷಯದಲ್ಲಿ ಕೈ ಬಿಗಿ ಹಿಡಿಯಿತು. ಕಾನೂನು ನಿಗದಿಪಡಿಸಿದ್ದ ಕಾಯಿಲೆ ರಜೆಯ ವೇತನ ಆಗ ವಾರಕ್ಕೆ 95.85 ಪೌಂಡ್. ಅದೂ ವಾರಕ್ಕೆ ಸರಾಸರಿ 120 ಪೌಂಡ್ ದುಡಿಯುವವರಿಗೆ ಮಾತ್ರ. ಗೋದಾಮಿನಲ್ಲಿ ಪಾರ್ಟ್‌ಟೈಮ್ ದುಡಿಯುತ್ತಿದ್ದ ಈ ಹುಡುಗ ಅಷ್ಟು ಮುಟ್ಟುತ್ತಿರಲಿಲ್ಲ. ವಿಮಾನ ನಿಲ್ದಾಣ, ಗೋದಾಮು, ಟ್ಯಾಕ್ಸಿಯನ್ನೇ ನಂಬಿದ ಹೇಸ್‌ನಂಥ ಊರಿನಲ್ಲಿ ಜ್ವರ ಮುಚ್ಚಿಟ್ಟು ಕೆಲಸಕ್ಕೆ ಹೋದವರನ್ನು ದೂರಲು ನನಗೆ ಮನಸ್ಸಿಲ್ಲ. ಈ ಮನೆಯವರು ಆ ತಿಂಗಳ ಬಾಡಿಗೆ ಕೇಳಲಿಲ್ಲ. ಉಳಿದವರಾರಿಗೂ ರೋಗ ತಗುಲಲಿಲ್ಲ.

ಇಂಗ್ಲೆಂಡಿನಲ್ಲಿ ಈಗ ಬೇರೆ ಇರಬೇಕೆಂಬ ಕಾನೂನಿನ ಬಲವಂತ ಇಲ್ಲ, 2022ರ ಫೆಬ್ರುವರಿ 24ಕ್ಕೆ ಅದು ಮುಗಿಯಿತು. ಉಳಿದಿರುವುದು ಸಲಹೆ: ಪಾಸಿಟಿವ್ ಬಂದರೆ ದೊಡ್ಡವರು 5 ದಿನ, ಮಕ್ಕಳು 3 ದಿನ ಮನೆಯಲ್ಲಿ, ವಯಸ್ಸಾದವರಿಂದ, ಅಶಕ್ತರಿಂದ 10 ದಿನ ದೂರ. ವಾಂತಿಭೇದಿಯ ನೊರೋವೈರಸ್ ಆದರೆ ನಿಂತ ಮೇಲೂ 48 ಗಂಟೆ, ಅದಕ್ಕೆ ಕೈಗೆ ಹಚ್ಚುವ ಜೆಲ್ ಸಾಲದು, ಸೋಪು ನೀರೇ ಬೇಕು.

ಕಳೆದ ಚಳಿಗಾಲದಲ್ಲಿ ಆ ಮನೆಯ ಮಗಳಿಗೆ ಸೀತಾಳೆ ಸಿಡುಬು ಬಂತು. ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟುವವರೆಗೆ ಶಾಲೆಗೆ ಕಳಿಸುವಂತಿಲ್ಲ. ಹಿಂದಿನ ವಾರಾಂತ್ಯವಷ್ಟೇ ಸೊಸೆಯ ಗೆಳತಿಯೊಬ್ಬರು, ಬಸುರಿ, ಮಗುವಿನ ಪಕ್ಕದಲ್ಲೇ ಕೂತು ಊಟ ಮಾಡಿದ್ದರು. ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ಈ ರೋಗ ಹರಡುತ್ತದೆ. ಬಸುರಿಯರಿಗೆ ಇದು ಅಪಾಯ. ನಮ್ಮಂಥ ಬಿಸಿಲ ನಾಡಿನಲ್ಲಿ ಬೆಳೆದವರಿಗೆ ಇಂಗ್ಲೆಂಡಿನವರಂತೆ ಬಾಲ್ಯದಲ್ಲೇ ಇದು ಬಂದು ಹೋಗಿರುತ್ತದೆಂದು ಹೇಳಲಾಗದು, ದೊಡ್ಡವರಾದ ಮೇಲೆ ಬರುವುದು ನಮ್ಮಲ್ಲೇ ಹೆಚ್ಚು. ಅಜ್ಜಿ ಆ ಸಂಜೆಯೇ ಫೋನ್ ಮಾಡಿ, “ನಿಮಗೆ ಚಿಕ್ಕಂದಿನಲ್ಲಿ ಅಮ್ಮ ಬಂದಿತ್ತೇನಮ್ಮ?” ಎಂದು ಕೇಳಿದರು. ಆಕೆಗೆ ನೆನಪಿರಲಿಲ್ಲ. ಮರುದಿನ ಬೆಳಿಗ್ಗೆ ಮಿಡ್‌ವೈಫ್‌ಗೆ ತಿಳಿಸಿ ರಕ್ತ ಪರೀಕ್ಷೆ ಮಾಡಿಸಿಕೊಂಡರು. ರೋಗನಿರೋಧಕ ಶಕ್ತಿ ಇದೆ ಎಂದು ವರದಿ ಬಂತು. ಆದರೂ ಮಗುವಿನ ಮೈಮೇಲೆ ಹಸಿ ಗುಳ್ಳೆ ಇರುವಷ್ಟು ದಿನ ಅಜ್ಜಿ ಅವರನ್ನು ಮನೆಗೆ ಬರಗೊಡಲಿಲ್ಲ.