ಅಪ್‌ಡೇಟ್ ಆಗುವಾಗ ಕಾರು ಎಲ್ಲಿ ಕೈಕೊಡುತ್ತದೆ?

2023ರ ನವೆಂಬರ್‌ನಲ್ಲಿ ಅಮೆರಿಕದ ರಿವಿಯನ್ ಕಂಪನಿ ತನ್ನ ಎಲೆಕ್ಟ್ರಿಕ್ ವಾಹನಗಳಿಗೆ 2023.42 ಎಂಬ ಹೊಸ ಸಾಫ್ಟ್‌ವೇರನ್ನು ಇಂಟರ್ನೆಟ್ ಮೂಲಕ ಕಳಿಸಿತು. ಕೆಲವು ಗಾಡಿಗಳಲ್ಲಿ ಅಪ್‌ಡೇಟ್ ಮುಗಿಯಲೇ ಇಲ್ಲ. ನಡುವಿನ ದೊಡ್ಡ ಪರದೆಯೂ ಸ್ಟೀರಿಂಗ್ ಹಿಂದಿನ ಪರದೆಯೂ ಕಪ್ಪಾದವು. ಗಾಡಿಯನ್ನೇನೋ ಓಡಿಸಬಹುದಿತ್ತು, ಆದರೆ ವೇಗವೆಷ್ಟು, ಚಾರ್ಜ್ ಎಷ್ಟು ಉಳಿದಿದೆ ಎಂದು ನೋಡುವಂತಿರಲಿಲ್ಲ. ಕಂಪನಿಯ ಸಾಫ್ಟ್‌ವೇರ್ ಮುಖ್ಯಸ್ಥ ವಾಸಿಮ್ ಬೆನ್ಸೈದ್ ಕಾರಣವನ್ನು ಮುಚ್ಚಿಡಲಿಲ್ಲ. ಯಾರದೋ ಕೈತಪ್ಪಿನಿಂದ, ತಪ್ಪು ಭದ್ರತಾ ಪ್ರಮಾಣಪತ್ರಗಳಿದ್ದ ಆವೃತ್ತಿ ಗ್ರಾಹಕರಿಗೆ ಹೋಗಿಬಿಟ್ಟಿತ್ತು.

ಪ್ರಮಾಣಪತ್ರ ಯಾಕೆ ಬೇಕು? 2015ರಲ್ಲಿ ಚಾರ್ಲಿ ಮಿಲ್ಲರ್ ಮತ್ತು ಕ್ರಿಸ್ ವಲಾಸೆಕ್ ಎಂಬ ಇಬ್ಬರು ಸಂಶೋಧಕರು ಹೆದ್ದಾರಿಯಲ್ಲಿ ಹೋಗುತ್ತಿದ್ದ ಜೀಪ್ ಚೆರೋಕಿಯನ್ನು ದೂರದಿಂದಲೇ ಹಿಡಿತಕ್ಕೆ ತೆಗೆದುಕೊಂಡು ತೋರಿಸಿದ್ದರು. ಆಮೇಲೆ ಕಂಪನಿ 14 ಲಕ್ಷ ವಾಹನಗಳಿಗೆ ರೀಕಾಲ್ ಘೋಷಿಸಿ, ಮಾಲೀಕರಿಗೆ ಅಂಚೆಯಲ್ಲಿ ಯುಎಸ್‌ಬಿ ಪೆನ್‌ಡ್ರೈವ್ ಕಳಿಸಬೇಕಾಯಿತು. ಹಾಗಾಗಿ ತಯಾರಕರ ಡಿಜಿಟಲ್ ಸಹಿ ಇಲ್ಲದ ಸಾಫ್ಟ್‌ವೇರನ್ನು ಕಾರು ನಂಬಬಾರದು. ಆ ಸಹಿಯನ್ನು ಪರಿಶೀಲಿಸುವುದಕ್ಕೇ ಪ್ರಮಾಣಪತ್ರ. ಆದರೆ ಈ ಕಟ್ಟುನಿಟ್ಟಿಗೆ ಕಳ್ಳ, ಯಜಮಾನ ಎಂಬ ಭೇದವಿಲ್ಲ. ಸಹಿ ಹೊಂದದಿದ್ದರೆ ಸ್ವಂತ ತಯಾರಕರು ಕಳಿಸಿದ್ದೂ ತಿರಸ್ಕೃತವೇ.

ಫೋನ್ ಅಪ್‌ಡೇಟಿಗೂ ಕಾರಿನ ಅಪ್‌ಡೇಟಿಗೂ ಇರುವ ದೊಡ್ಡ ವ್ಯತ್ಯಾಸ ಒಳಗಿನ ಸಂಸಾರದ್ದು. ಕಾರಿನಲ್ಲಿ ಬ್ರೇಕಿಗೆ, ಮೋಟರಿಗೆ, ಬ್ಯಾಟರಿಗೆ, ಬಾಗಿಲಿಗೆ ಎಂದು ಹತ್ತಾರು ಪುಟ್ಟ ಕಂಪ್ಯೂಟರ್‌ಗಳಿರುತ್ತವೆ. ಹಲವು ಕಾರುಗಳಲ್ಲಿ ಇವು ಇಂದಿಗೂ ಮಾತಾಡುವುದು ‘ಕ್ಯಾನ್’ ಎಂಬ ಹಳೆಯ ತಂತಿಜಾಲದ ಮೇಲೆ. ಅದರ ಸಾಮಾನ್ಯ ವೇಗ ಸೆಕೆಂಡಿಗೆ 500 ಕಿಲೋಬಿಟ್, ಒಂದು ಸಂದೇಶದಲ್ಲಿ ಹಿಡಿಸುವುದು 8 ಬೈಟ್ ಮಾತ್ರ. ಇಂಟರ್ನೆಟ್ಟಿನಿಂದ ಕಾರಿನವರೆಗೆ ಸರಾಗವಾಗಿ ಬಂದ ಸಾಫ್ಟ್‌ವೇರ್ ಅಲ್ಲಿಂದಾಚೆ ತೆವಳಬೇಕಾಗುತ್ತದೆ. ಹೊಸ ಆವೃತ್ತಿ ಪಡೆದ ಬ್ರೇಕ್ ಕಂಪ್ಯೂಟರಿಗೆ ಹಳೆಯ ಮೋಟರ್ ಕಂಪ್ಯೂಟರಿನ ಮಾತು ಅರ್ಥವಾಗದೆಯೂ ಹೋಗಬಹುದು.

ಅಪ್‌ಡೇಟ್ ನಡುವೆ ಕೆಟ್ಟು ನಿಲ್ಲುವುದಕ್ಕೆ ಒಂದು ಒಳ್ಳೆಯ ಪರಿಹಾರವಿದೆ. ಮೆಮರಿಯಲ್ಲಿ ಎರಡು ಕೋಣೆ ಮಾಡಿ, ಒಂದರಲ್ಲಿ ಹಳೆಯ ಸಾಫ್ಟ್‌ವೇರ್ ಕೆಲಸ ಮಾಡುತ್ತಿರುವಾಗಲೇ ಇನ್ನೊಂದರಲ್ಲಿ ಹೊಸದನ್ನು ಬರೆಯುವುದು. ಹೊಸ ಮನೆ ಕಟ್ಟಿ, ಪೂಜೆ ಮುಗಿಸಿ, ಆಮೇಲೆ ಹಳೆಯದನ್ನು ಖಾಲಿ ಮಾಡಿದ ಹಾಗೆ. ಹೊಸದು ಎದ್ದು ನಿಲ್ಲದಿದ್ದರೆ ಕಾರು ತಾನಾಗಿ ಹಳೆಯದಕ್ಕೆ ಮರಳುತ್ತದೆ. ಇದಕ್ಕೆ ಎರಡರಷ್ಟು ಮೆಮರಿ ಬೇಕು, ಅಂದರೆ ಹೆಚ್ಚು ಖರ್ಚು. ಉಳಿತಾಯದ ಆಸೆಗೆ ಒಂದೇ ಕೋಣೆಯಿಟ್ಟ ಕಂಪ್ಯೂಟರಿನಲ್ಲಿ ಬರೆಯುವುದು ಅರ್ಧಕ್ಕೆ ನಿಂತರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಇಂಥ ಉಳಿತಾಯ ನನ್ನ ದೃಷ್ಟಿಯಲ್ಲಿ ಅಪರಾಧಕ್ಕೆ ಸಮ.

ಇನ್ನು ಕರೆಂಟಿನ ವಿಷಯ. ನೂರಾರು ಕಿಲೋಮೀಟರ್ ಓಡಿಸುವ ದೊಡ್ಡ ಬ್ಯಾಟರಿ ಇರುವಾಗ ಅಪ್‌ಡೇಟಿಗೆ ಶಕ್ತಿಯ ಕೊರತೆ ಎಲ್ಲಿಂದ ಎನ್ನಿಸಬಹುದು. ಆದರೆ ಒಳಗಿನ ಕಂಪ್ಯೂಟರ್‌ಗಳು ಸಾಮಾನ್ಯವಾಗಿ ನಡೆಯುವುದು ಪೆಟ್ರೋಲ್ ಕಾರಿನಲ್ಲಿರುವಂಥದ್ದೇ 12 ವೋಲ್ಟ್ ಬ್ಯಾಟರಿಯಿಂದ. ದೊಡ್ಡ ಬ್ಯಾಟರಿಯ ನಿಯಂತ್ರಕವನ್ನೇ ಹೊಸದಾಗಿ ಬರೆಯುವಾಗ ಅದರ ಸಂಪರ್ಕ ಕಡಿದಿರುವುದುಂಟು. ಆಗ ಇಡೀ ಭಾರ ಸಣ್ಣದರ ಮೇಲೆ. ಅದು ಹಳತಾಗಿದ್ದರೆ ನಡುವೆಯೇ ಕುಸಿಯುತ್ತದೆ. ಫೋಕ್ಸ್‌ವ್ಯಾಗನ್ ತನ್ನ ಐಡಿ ಸರಣಿಯ ಕೆಲವು ಆರಂಭದ ಕಾರುಗಳಿಗೆ ದೊಡ್ಡ ಅಪ್‌ಡೇಟ್ ಹಾಕಲು ಅವನ್ನು ವರ್ಕ್‌ಶಾಪಿಗೇ ಕರೆಸಿ, ಮೊದಲು ಈ ಸಣ್ಣ ಬ್ಯಾಟರಿಯನ್ನು ಬದಲಿಸಬೇಕಾಯಿತು.

2019ರಲ್ಲಿ ಬೀಜಿಂಗ್‌ನ ಚಾಂಗಾನ್ ರಸ್ತೆಯ ಟ್ರಾಫಿಕ್‌ನಲ್ಲಿ ನಿಂತಿದ್ದ ನಿಯೋ ಕಾರೊಂದರ ಚಾಲಕರು ಅಪ್‌ಡೇಟಿಗೆ ಒಪ್ಪಿಗೆ ಒತ್ತಿದರು. ಒಂದು ಗಂಟೆಗೂ ಹೆಚ್ಚು ಕಾಲ ಕಾರು ಕದಲಲಿಲ್ಲ, ಕಿಟಕಿ ಇಳಿಯಲಿಲ್ಲ. ಅದಕ್ಕಿಂತ ಭಯಾನಕವಾದದ್ದು 2025ರ ಅಕ್ಟೋಬರ್‌ನಲ್ಲಿ ನಡೆಯಿತು. ಜೀಪ್ ಕಂಪನಿಯ ರ‍್ಯಾಂಗ್ಲರ್ ಪ್ಲಗ್-ಇನ್ ಹೈಬ್ರಿಡ್‌ಗಳು ಅಪ್‌ಡೇಟ್ ಮುಗಿಸಿ ಎಂದಿನಂತೆ ಹೊರಟವು. ಆಮೇಲೆ ಓಡುತ್ತಿದ್ದಾಗಲೇ ಕೆಲವು ಶಕ್ತಿ ಕಳೆದುಕೊಂಡವು. ಎರಡು ಕೋಣೆಗಳ ಉಪಾಯಕ್ಕೂ ಇಂಥದ್ದು ಸಿಗುವುದಿಲ್ಲ, ಏಕೆಂದರೆ ಕಾರಿನ ಲೆಕ್ಕದಲ್ಲಿ ಅಪ್‌ಡೇಟ್ ಯಶಸ್ವಿಯಾಗಿದೆ. ಮೊದಲು ಕೆಲವೇ ಗಾಡಿಗಳಿಗೆ ಕಳಿಸಿ, ಕೆಲವು ದಿನ ಕಾದು ನೋಡುವುದೊಂದೇ ಇದಕ್ಕೆ ಮದ್ದು.

ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗ ರೂಪಿಸಿದ 156ನೇ ನಿಯಮ 2024ರ ಜುಲೈನಿಂದ ಯುರೋಪ್ ಒಕ್ಕೂಟದ ಹೊಸ ಕಾರುಗಳಿಗೆ ಕಡ್ಡಾಯವಾಗಿದೆ. ಮುಗಿಸುವಷ್ಟು ಕರೆಂಟ್ ಇದ್ದರೆ ಮಾತ್ರ ಅಪ್‌ಡೇಟ್ ಶುರುವಾಗಬೇಕು, ಅರ್ಧಕ್ಕೆ ನಿಂತರೆ ಕಾರು ಹಳೆಯ ಆವೃತ್ತಿಗೋ ಸುರಕ್ಷಿತ ಸ್ಥಿತಿಗೋ ಬರಬೇಕು, ಏನು ಬದಲಾಗುತ್ತದೆಂದು ಬಳಕೆದಾರರಿಗೆ ತಿಳಿಸಬೇಕು ಎನ್ನುತ್ತದೆ ಅದು. ಬೆಂಗಳೂರಿನ ಏಥರ್, ಓಲಾ ಸ್ಕೂಟರ್‌ಗಳಿಗೂ ಸಾಫ್ಟ್‌ವೇರ್ ಇಂಟರ್ನೆಟ್ ಮೂಲಕವೇ ಬರುತ್ತಿರುವುದರಿಂದ ಇದು ನಮಗೂ ದೂರದ ಮಾತಲ್ಲ.

ಈ ತಂತ್ರಜ್ಞಾನ ಬೇಡವೆನ್ನಲಾಗದು. 2018ರಲ್ಲಿ ಕನ್ಸ್ಯೂಮರ್ ರಿಪೋರ್ಟ್ಸ್ ಎಂಬ ಗ್ರಾಹಕ ಪತ್ರಿಕೆಯ ಪರೀಕ್ಷೆಯಲ್ಲಿ ಟೆಸ್ಲಾ ಮಾಡೆಲ್ 3 ಗಂಟೆಗೆ 60 ಮೈಲಿ ವೇಗದಿಂದ ನಿಲ್ಲಲು 152 ಅಡಿ ತೆಗೆದುಕೊಂಡಿತ್ತು. ಕೆಲವೇ ದಿನಗಳಲ್ಲಿ ಬಂದ ಅಪ್‌ಡೇಟ್ ಅದನ್ನು 133 ಅಡಿಗೆ ಇಳಿಸಿತು. ಮರುವರ್ಷ ಅದೇ ಕಂಪನಿ, ಬ್ಯಾಟರಿಯ ರಕ್ಷಣೆಗೆಂದು, ಕೆಲವು ಮಾಡೆಲ್ ಎಸ್ ಕಾರುಗಳ ಗರಿಷ್ಠ ಚಾರ್ಜ್ ವೋಲ್ಟೇಜನ್ನು ಅಪ್‌ಡೇಟ್ ಮೂಲಕ ತಗ್ಗಿಸಿತು. ಓಡುವ ದೂರ ಕಡಿಮೆಯಾಯಿತು. ಮಾಲೀಕರು ಕೋರ್ಟಿಗೆ ಹೋದರು. 2021ರಲ್ಲಿ 15 ಲಕ್ಷ ಡಾಲರಿಗೆ ರಾಜಿಯಾಗಿ 1,743 ಕಾರುಗಳ ಮಾಲೀಕರಿಗೆ ತಲಾ 625 ಡಾಲರ್ ಎಂದು ತೀರ್ಮಾನವಾಯಿತು. ದುಡ್ಡು ಕೊಟ್ಟು ಕೊಂಡ ಸಾಮರ್ಥ್ಯವನ್ನು ಕಿತ್ತುಕೊಳ್ಳುವ ಅಪ್‌ಡೇಟಿಗೆ ಮಾಲೀಕರ ಸ್ಪಷ್ಟ ಒಪ್ಪಿಗೆ ಬೇಕು, ಹಳೆಯ ಆವೃತ್ತಿಗೆ ಮರಳುವ ಹಕ್ಕೂ ಬೇಕು. ಇಂದು ಸಾಮಾನ್ಯವಾಗಿ ಆ ಮರಳುವ ಗುಂಡಿ ಮಾಲೀಕರ ಪರದೆಯ ಮೇಲೆ ಇರುವುದಿಲ್ಲ.